ತಡವರಿಸದೆ ಓದಿದ ದಿನ

ಅವಳು ಸರಾಗವಾಗಿ ಓದಿದಳು. ಒಂದು ಮಗು ಚೆನ್ನಾಗಿ ಓದಿತೆಂದು ನನಗೆ ಸಿಟ್ಟು ಬಂದದ್ದು ಇಷ್ಟು ವರ್ಷಗಳ ನೌಕರಿಯಲ್ಲಿ ಅದೊಂದೇ ಸಲ.

ಬರಿಯ ಓದಲ್ಲ ಅದು. ಅಲ್ಪವಿರಾಮ ಬಂದಲ್ಲಿ ನಿಂತಳು. ಪ್ರಶ್ನೆ ಬಂದಲ್ಲಿ ದನಿ ಏರಿಸಿದಳು. ಸಾಲು ಮುಗಿದಾಗ ಕಣ್ಣನ್ನು ಎಡಕ್ಕೆ ಹೊರಳಿಸಿ ಮುಂದಿನ ಸಾಲಿಗೆ ಇಳಿದಳು, ಅಥವಾ ಇಳಿದಂತೆ ಮಾಡಿದಳು. ಮೇಜಿನ ಆಚೆ ಕುಳಿತಿದ್ದ ಮನಃಶಾಸ್ತ್ರಜ್ಞೆ ತಪಾಸಣಾ ಶಿಬಿರಕ್ಕೆಂದು ಜಿಲ್ಲಾ ಕೇಂದ್ರದಿಂದ ಬಂದವರು, ಮೈಸೂರು ಕಡೆಯ ಮಾತಿನ ಎಳೆಯ ಹೆಣ್ಣುಮಗಳು. ಅವರು ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು.

"ತುಂಬಾ ಚೆನ್ನಾಗಿ ಓದ್ತಾಳಲ್ವಾ ಮೇಡಂ. ಇವಳನ್ನ ಯಾಕೆ ಕರ್ಕೊಂಡ್ ಬಂದಿದೀರ?"

ಹಿಂದೆ ಬಾಗಿಲಲ್ಲಿ ಶಾಲೆಯ ಕನ್ನಡ ಮಾಸ್ತರರು ನಿಂತಿದ್ದರು. ಅವರ ಮುಖದ ಮೇಲಿನ ಸಂತೋಷವನ್ನು ನೋಡಿದೊಡನೆ ನನಗೆ ಎಲ್ಲ ಅರ್ಥವಾಯಿತು. 'ನೋಡಿದೊಡನೆ' ಎಂದು ಬರೆದೆ. ನಿಜವಾಗಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿದಿರಬೇಕು. ಈಗ ನೆನೆಸಿಕೊಳ್ಳುವಾಗ ಆ ಮುಖವೂ ಆ ಅರ್ಥವೂ ಒಟ್ಟಿಗೇ ಬರುತ್ತವೆ. ನೆನಪಿಗೆ ಕಾಯುವ ತಾಳ್ಮೆ ಇಲ್ಲ.

ನನ್ನದು ಸಂಪನ್ಮೂಲ ಶಿಕ್ಷಕಿಯ ಹುದ್ದೆ. ಒಂದು ಶಾಲೆಗೆ ಸೇರಿದವಳಲ್ಲ. ತಾಲೂಕಿನ ಶಾಲೆಗಳನ್ನು ಸರದಿಯಂತೆ ಸುತ್ತುತ್ತೇನೆ, ಕಲಿಯಲು ತೊಡಕಿರುವ ಮಕ್ಕಳನ್ನು ಹುಡುಕುತ್ತೇನೆ, ಪಾಠ ಹೇಳುತ್ತೇನೆ, ಅವರಿಗೆ ಏನಾಗಿದೆಯೆಂದು ಉಳಿದವರಿಗೆ ವಿವರಿಸುತ್ತೇನೆ. ಕೊನೆಯದೇ ಹೆಚ್ಚು. ಇಂಡಿಯಲ್ಲಿ ಶುರುವಾಗಿ, ಸಿಂದಗಿಗೆ ಹೋಗಿ, ಮುದ್ದೇಬಿಹಾಳದಲ್ಲಿ ಬಹಳ ಕಾಲ ಕುಳಿತು, ಈಗ ಬಸವನ ಬಾಗೇವಾಡಿಯಲ್ಲಿದ್ದೇನೆ. ನಾಲ್ಕೂ ತಾಲೂಕುಗಳು ನನ್ನ ತಲೆಯಲ್ಲಿ ಬಸ್ಸಿನ ಸೀಟಿನ ಕೆಳಗೆ ಚೀಲ ಹರಿದು ಉರುಳಿದ ಲಿಂಬೆಹಣ್ಣುಗಳಂತೆ ಬೆರೆತಿವೆ. ಆ ಶಿಬಿರ ನಡೆದ ಆಸ್ಪತ್ರೆಯ ಪಡಸಾಲೆಯನ್ನು ನೆನೆದಾಗಲೆಲ್ಲ ನನಗೆ ಲಿಂಬೆಯ ವಾಸನೆ ಬರುತ್ತದೆ. ಬಾಗೇವಾಡಿಯ ಆಸ್ಪತ್ರೆಯಲ್ಲಿ ಲಿಂಬೆ ಯಾಕಿರಬೇಕು? ಅದು ಇಂಡಿಯ ಮಾರುಕಟ್ಟೆಯಿಂದ ದಾರಿ ತಪ್ಪಿ ಬಂದ ವಾಸನೆ. ಪಡಸಾಲೆಯ ಎದುರಿನ ಬೇವಿನ ಗಿಡವೂ ಸಿಂದಗಿಯದೇ ಇರಬಹುದು. ಹೀಗಾಗಿ ಇಲ್ಲಿ ಬರುವ ಗಿಡ, ವಾಸನೆ, ಸೀರೆಯ ಬಣ್ಣಗಳನ್ನು ಯಾರೂ ನಂಬಬೇಕಾಗಿಲ್ಲ. ಆಡಿದ ಮಾತುಗಳನ್ನು ಮಾತ್ರ ನಂಬಬಹುದು. ಸಿಟ್ಟಿನಲ್ಲಿ ಕೇಳಿದ ಮಾತು ನನಗೆ ಮರೆಯುವುದಿಲ್ಲ.

ಆ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲು. ನಾನು ಮಂಗಳವಾರ ಅಲ್ಲಿಗೆ ಹೋಗುತ್ತಿದ್ದೆ. ಆಟದ ಸಾಮಾನು ಇಡುವ ಕೋಣೆಯಲ್ಲಿ, ಗಾಳಿ ಹೋದ ವಾಲಿಬಾಲುಗಳ ನಡುವೆ, ನಮ್ಮ ಪಾಠ. ಅವಳಿಗಿದ್ದದ್ದು ಡಿಸ್ಲೆಕ್ಸಿಯಾ. ಕಣ್ಣು ಚೆನ್ನಾಗಿತ್ತು, ಕಿವಿ ಚೆನ್ನಾಗಿತ್ತು, ಬುದ್ಧಿ ನನಗಿಂತ ಚುರುಕಾಗಿತ್ತು. ಅಚ್ಚಾದ ಅಕ್ಷರ ಮಾತ್ರ ಅವಳಿಗೆ ಮಾತಾಗಿ ಕೂಡಿಕೊಳ್ಳುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆಯೊಂದರಲ್ಲಿ ಕಿಂಡಿ ಕೊರೆದು ಕೊಟ್ಟಿದ್ದೆ. ಅದನ್ನು ಪುಟದ ಮೇಲಿಟ್ಟು ಸರಿಸುತ್ತಾ, ಕಿಂಡಿಯಲ್ಲಿ ಕಂಡ ಒಂದೊಂದೇ ಶಬ್ದವನ್ನು ಓದುತ್ತಿದ್ದಳು. ಅರ್ಧ ಪುಟ ದಾಟುವಷ್ಟರಲ್ಲಿ ಮೇಲ್ದುಟಿ ಬೆವರುತ್ತಿತ್ತು. ಬರೆದರೆ ಅವಳದನ್ನು ಅವಳೇ ಓದಲಾರಳು. ಅದೇ ಪಾಠವನ್ನು ನಾನು ಒಮ್ಮೆ ಓದಿ ಹೇಳಿದರೆ ಸಾಕು, ಯಾವ ಪ್ರಶ್ನೆ ಕೇಳಿದರೂ ಉತ್ತರ ತಯಾರು. ಕೆಲವು ಉತ್ತರಗಳು ಗೈಡಿನಲ್ಲಿರುವುದಕ್ಕಿಂತ ಚೆನ್ನಾಗಿದ್ದವು.

ಆದರೆ ಅವಳಿಗೆ ಓದಲು ಬರುವುದಿಲ್ಲವೆಂದು ಯಾರನ್ನಾದರೂ ಒಪ್ಪಿಸುವುದು ಸಾಧ್ಯವಿರಲಿಲ್ಲ. ಅವಳು ಶಾಲೆಯ ವಚನ ಕಂಠಪಾಠದ ಹುಡುಗಿ. ಈ ಕಡೆ ಪ್ರತಿ ಶಾಲೆಯಲ್ಲೂ ಒಬ್ಬರು ಇರುತ್ತಾರೆ. ಸ್ಪರ್ಧೆ ಇದ್ದಲ್ಲಿಗೆ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕಳಿಸುವುದು ಅವರನ್ನೇ, ಸಾಹೇಬರು ಬಂದಾಗ ಮುಂದೆ ನಿಲ್ಲಿಸುವುದೂ ಅವರನ್ನೇ. ಇವಳು ಕೇಳಿದ್ದನ್ನು ಬಿಡುತ್ತಿರಲಿಲ್ಲ. ಕಿವಿಯಿಂದ ಒಳಗೆ ಹೋದದ್ದು ಧಾಟಿಯ ಸಮೇತ ಕುಳಿತುಬಿಡುತ್ತಿತ್ತು. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿದ್ದ ಕಪ್ಪುಗಳಲ್ಲಿ ಹೆಚ್ಚಿನವು ಅವಳವೇ.

"ಮೇಡಂ, ಅಕಿ ನೂರಗಟ್ಲೆ ವಚನಾ ಹೇಳ್ತಾಳ್ರಿ," ಎಂದರು ಮುಖ್ಯೋಪಾಧ್ಯಾಯರು. "ಅಕಿಗೆ ಓದಾಕ ಬರಂಗಿಲ್ಲ ಅಂತ ನಾ ಸಹಿ ಮಾಡ್ಲಿ? ಮಂದಿ ನನ್ನ ಏನಂತಾರು? ಮಾಸ್ತರಿಗೆ ತಲಿ ತಿರಗೈತಿ ಅಂತಾರ."

"ಹೇಳೂದು ಬ್ಯಾರೆ, ಓದೂದು ಬ್ಯಾರೆ ಸರ್."

"ಓದದ ಹ್ಯಾಂಗ ಹೇಳ್ತಾಳ್ರಿ?"

"ಕೇಳಿ ಹೇಳ್ತಾಳ್ರಿ."

"ಮತ್ತ ಬುದ್ಧಿ ಐತಿ ಅಂತಾತು. ಬುದ್ಧಿ ಇದ್ದಾಕಿ ಓದವಲ್ಲಳು ಅಂದ್ರ ಅದಕ ಸೊಕ್ಕು ಅಂತಾರ್ರಿ. ಡಿಸ್ಲೆಕ್ಸ ಅನ್ನಂಗಿಲ್ಲ."

ಅವಳಲ್ಲಿದ್ದ ಒಳ್ಳೆಯದೆಲ್ಲ ಅವಳ ವಿರುದ್ಧದ ಸಾಕ್ಷಿಯಾಗುತ್ತಿತ್ತು. ದಡ್ಡಿಯಾಗಿದ್ದರೆ ನನ್ನ ಮಾತನ್ನು ಎಲ್ಲರೂ ಮೊದಲ ದಿನವೇ ಒಪ್ಪುತ್ತಿದ್ದರು.

ಅವಳ ತಾಯಿ ರೊಟ್ಟಿ ಬಡಿದು ಊರಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಆಕೆಯ ಲೆಕ್ಕ ಸರಳವಾಗಿತ್ತು: ಹತ್ತನೆಯದು ಪಾಸಾದರೆ ಕಾಲೇಜು, ಇಲ್ಲವಾದರೆ ತನ್ನ ಪಕ್ಕದಲ್ಲಿ ಇನ್ನೊಂದು ಹಂಚು. ಇದನ್ನು ಆಕೆ ಬೆದರಿಕೆಯಾಗಿ ಹೇಳುತ್ತಿರಲಿಲ್ಲ. ಮಳೆ ಬಂದರೆ ಒಳಗೆ ಬಾ ಎನ್ನುವ ಹಾಗೆ ಹೇಳುತ್ತಿದ್ದಳು. ಮಗಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ವಿಷಯದಲ್ಲೂ ಬಿದ್ದಿದ್ದಳು. ಪ್ರಶ್ನೆಪತ್ರಿಕೆಯನ್ನು ಓದಿ ಮುಗಿಸುವುದರಲ್ಲೇ ಸಮಯ ಕಳೆದಿತ್ತು.

ದಾರಿ ಒಂದಿತ್ತು. ಡಿಸ್ಲೆಕ್ಸಿಯಾ ಇದೆಯೆಂದು ತಜ್ಞರು ಪ್ರಮಾಣಪತ್ರ ಕೊಟ್ಟರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ, ಜೊತೆಗೊಬ್ಬ ಬರಹಗಾರ ಸಿಗುತ್ತಾನೆ. ಕೆಳಗಿನ ತರಗತಿಯ ವಿದ್ಯಾರ್ಥಿ ಪ್ರಶ್ನೆ ಓದಿ ಹೇಳುತ್ತಾನೆ, ಇವರು ಬಾಯಲ್ಲಿ ಹೇಳಿದ ಉತ್ತರವನ್ನು ಬರೆಯುತ್ತಾನೆ. ಆ ತಜ್ಞರು ನಮ್ಮ ತಾಲೂಕಿಗೆ ಬರುವುದು ವರ್ಷದ ಒಂದು ಶಿಬಿರಕ್ಕೆ. ಆ ದಿನ ತಪ್ಪಿದರೆ ಅರ್ಜಿಯ ಗಡುವೂ ತಪ್ಪುತ್ತದೆ.

ತಾಯಿಯನ್ನು ಒಪ್ಪಿಸಲು ನಾನು ಹಂಚಿನ ಮುಂದೆ ಕುಳಿತ ಸಂಜೆಗಳು ಎಷ್ಟೋ.

"ಅಕ್ಕೋರ, ಅದು ಅಂಟು ಜಡ್ಡೇನ್ರಿ?"

"ಜಡ್ಡೇ ಅಲ್ಲವಾ ಅದು."

"ಜಡ್ಡಲ್ಲಂದ್ರ ದಾಕ್ಟರ ಯಾಕ್ರಿ?"

ನಾನು ವಿವರಿಸುತ್ತಿದ್ದೆ. ಆಕೆ ರೊಟ್ಟಿ ತಿರುವಿ ಹಾಕುತ್ತಾ ಕೇಳುತ್ತಿದ್ದಳು. ಕೊನೆಗೆ ಒಂದು ದಿನ ಹೊಟ್ಟೆಯೊಳಗಿದ್ದ ಮಾತನ್ನು ಹೊರಗೆ ಹಾಕಿದಳು. "ಅಂಗವಿಕಲ ಅಂತ ಸರಕಾರದ ಕಾಗದ ಆತಂದ್ರ ನಾಳೆ ಹುಡುಗಿ ನೋಡಾಕ ಯಾರ್ ಬರ್ತಾರ್ರಿ? ನೀವ್ ಬರ್ತೀರಿ? ನಿಮ್ಮ ಮಗಗ ಮಾಡ್ಕೋತೀರಿ?"

ನನಗೆ ಮಗನಿಲ್ಲ. ಹಾಗಂದೆ. "ಇದ್ದಿದ್ರ?" ಎಂದಳು. ಉತ್ತರ ಕೊಡುವ ಮೊದಲೇ ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಮುಂದಿಟ್ಟಳು. ಕಾಗದ ಶಾಲೆಯಲ್ಲೇ ಇರಬೇಕು, ಊರಿನಲ್ಲಿ ಯಾರ ಕಣ್ಣಿಗೂ ಬೀಳಬಾರದು, ಈ ಷರತ್ತಿನ ಮೇಲೆ ಅಂತೂ ಒಪ್ಪಿದಳು. ತಾಯಿ ಒಪ್ಪಿದ ಮೇಲೆ ಮುಖ್ಯೋಪಾಧ್ಯಾಯರೂ ಒಪ್ಪಿದರು. "ಬಂದದ್ದು ಬರ್ಲಿ, ದಾಕ್ಟ್ರೇ ನೋಡ್ಲಿ," ಎಂದು ಸಹಿ ಹಾಕಿದರು.

ನನ್ನ ಪರವಾಗಿ ಮೊದಲಿನಿಂದ ನಿಂತವರು ಕನ್ನಡ ಮಾಸ್ತರರೊಬ್ಬರೇ. ಅವಳಿಗೆ ವಚನಗಳನ್ನು ಹೇಳಿಕೊಟ್ಟವರು ಅವರು. ಅವಳು ಪುಸ್ತಕ ಮುಟ್ಟದೆ ಕಲಿಯುತ್ತಾಳೆಂಬುದು ಅವರಿಗೆ ಗೊತ್ತಿತ್ತು. "ಮೇಡಮ್ಮಾರ, ಅಕಿನ್ನ ದಾಟ್ಸೂದು ನಮ್ಮ ಜವಾಬ್ದಾರಿ," ಎನ್ನುತ್ತಿದ್ದರು. ಶಿಬಿರ ಯಾಕೆ, ಅಲ್ಲಿ ಏನು ಮಾಡುತ್ತಾರೆ, ಅವಳು ಹೇಗಿದ್ದಾಳೋ ಹಾಗೇ ಕಾಣಿಸಿಕೊಳ್ಳುವುದು ಎಷ್ಟು ಮುಖ್ಯ, ಇದನ್ನೆಲ್ಲ ಅವರಿಗೆ ಹಲವು ಸಲ ಹೇಳಿದ್ದೆ. ಪ್ರತಿಸಲವೂ ಹೌದ್ರಿ, ಹೌದ್ರಿ ಎಂದಿದ್ದರು.

ಈಗ ಆ ಪಡಸಾಲೆಗೆ ಮರಳಬಹುದು. ಲಿಂಬೆಯ ವಾಸನೆ ಇರಲಿ, ಬಿಡಲಿ.

"ಸರ್," ಎಂದೆ ಅವರನ್ನು ಒಂದು ಕಡೆಗೆ ಕರೆದು. "ಅಕಿ ಹ್ಯಾಂಗ ಓದಿದ್ಳು?"

"ಮಸ್ತ್ ಓದಿದ್ಲಲ್ಲರಿ!"

"ಹ್ಯಾಂಗ ಓದಿದ್ಳು ಅಂತ ಕೇಳಾಕತ್ತೇನಿ."

ಅವರು ಮೊಬೈಲ್ ತೆಗೆದರು. ಮಾಸ್ತರರ ವಾಟ್ಸ್ಯಾಪ್ ಗುಂಪಿನಲ್ಲಿ ಪಕ್ಕದ ತಾಲೂಕಿನ ಯಾರೋ ಪುಣ್ಯಾತ್ಮರು ಅಲ್ಲಿನ ಶಿಬಿರದಲ್ಲಿ ಮಕ್ಕಳಿಂದ ಓದಿಸಿದ ಪುಟಗಳ ಫೋಟೊ ಹಾಕಿದ್ದರು. 'ಎಲ್ಲಾ ಶಾಲೆಗಳ ಉಪಯೋಗಕ್ಕಾಗಿ' ಎಂದು ಕೆಳಗೆ ಬರೆದು ಕೈಮುಗಿದ ಚಿತ್ರವನ್ನೂ ಹಾಕಿದ್ದರು. ನಮ್ಮ ಮಾಸ್ತರರು ಅದನ್ನು ಅವಳಿಗೆ ಒಂದು ವಾರ ದಿನಾ ಓದಿ ಹೇಳಿ ಬಾಯಿಪಾಠ ಮಾಡಿಸಿದ್ದರು. ಸಾಲು ಎಲ್ಲಿ ಮುಗಿಯುತ್ತದೆ, ಕಣ್ಣು ಎಲ್ಲಿ ಹೊರಳಿಸಬೇಕು, ಪುಟ ಯಾವಾಗ ತಿರುವಬೇಕು, ಎಲ್ಲ ಕಲಿಸಿದ್ದರು.

"ಸರ್, ಅಕಿಗೆ ಓದಾಕ ಬರಂಗಿಲ್ಲ ಅಂತ ತೋರ್ಸಾಕ ಬಂದೇವಿ ನಾವು."

"ಗೊತ್ತೈತ್ರಿ."

"ಗೊತ್ತಿದ್ದೂ ಕಲ್ಸಿದ್ರಿ?"

"ಮೇಡಮ್ಮಾರ, ನಮ್ಮ ಸಾಲಿ ಹುಡುಗಿ ಹೊರಗಿನ ಸಾಹೇಬ್ರ ಮುಂದ ಬ್ಬೆ ಬ್ಬೆ ಅಂತ ನಿಂದರಬಾರದಲ್ಲರಿ? ಅದಕ್ಕಂತ, ಒಂದೀಟು ತಯಾರಿ."

ನಾನು ಗೋಡೆಗೆ ಒರಗಿದೆ. ಅವರೊಬ್ಬರನ್ನು ಬೈದು ಏನು ಮಾಡಲಿ? ಇಂಡಿಯಲ್ಲೂ ಸಿಂದಗಿಯಲ್ಲೂ ಮುದ್ದೇಬಿಹಾಳದಲ್ಲೂ ನಾನು ಇದನ್ನೇ ನೋಡಿದ್ದೇನೆ. ಹೊರಗಿನವರು ಬರುತ್ತಾರೆಂದ ಕೂಡಲೇ ಶಾಲೆಗೆ ಮೈಮೇಲೆ ಬಂದಂತಾಗುತ್ತದೆ. ಅಂಗಳಕ್ಕೆ ನೀರು ಹೊಡೆಯುತ್ತಾರೆ. ನಕಾಶೆ ತೂಗುಹಾಕುತ್ತಾರೆ. ಚೆನ್ನಾಗಿ ಓದುವವರು ಮುಂದಿನ ಸಾಲಿಗೆ ಬರುತ್ತಾರೆ, ಓದದವರನ್ನು ಹಿಂದಕ್ಕೆ ತಳ್ಳುತ್ತಾರೆ, ತೀರ ಓದದವರಿಗೆ ಆ ದಿನ ನೀರು ತರುವ ಕೆಲಸ. ಪ್ರಶ್ನೆ ಯಾವುದು, ಉತ್ತರ ಯಾರದು ಎಂಬುದು ಹಿಂದಿನ ದಿನವೇ ನಿಗದಿಯಾಗಿರುತ್ತದೆ. ಬಂದವರಿಗೂ ಅದು ಗೊತ್ತು. ಅವರೂ ಮಾಸ್ತರರಾಗಿದ್ದವರೇ. ಈ ಪದ್ಧತಿಯ ಮೇಲೆ ನನಗೆ ಏನೇ ಸಿಟ್ಟಿದ್ದರೂ ಅದು ಡಿಸ್ಲೆಕ್ಸಿಯಾದ ತಪಾಸಣೆಯವರೆಗೂ ಕೈ ಚಾಚುತ್ತದೆಂದು ನಾನು ಊಹಿಸಿರಲಿಲ್ಲ. ಕಾಲು ಮುರಿದವನನ್ನು ಎಕ್ಸ್‌ರೇಗೆ ಕಳಿಸುವ ಮುಂಚೆ ಕುಣಿಯಲು ಕಲಿಸಿದ ಹಾಗಿತ್ತು.

ಒಳಗೆ ಹೋಗಿ ಮನಃಶಾಸ್ತ್ರಜ್ಞೆಗೆ ಹೇಳಿದೆ. ಅವರು ಕೇಳಿದರು, ನಂಬಲಿಲ್ಲ. ನಂಬದಿರುವುದಕ್ಕೆ ಅವರಿಗೆ ಕಾರಣವಿತ್ತು. ಪ್ರಮಾಣಪತ್ರಕ್ಕಾಗಿ ಇಲ್ಲದ ತೊಂದರೆಯನ್ನು ಇರುವಂತೆ ತೋರಿಸುವವರನ್ನು ಅವರು ಕಂಡಿದ್ದರಂತೆ. ಇಲ್ಲಿ ಅದು ತಿರುಗಾಮುರುಗಾ ಆಗಿತ್ತು.

"ಮೇಡಂ, ಓದಿದ್ದನ್ನ ನಾನೇ ಕೇಳಿದೀನಿ. ಓದಿಲ್ಲ ಅಂತ ಹೇಗೆ ಬರೀಲಿ?"

"ಬ್ಯಾರೆ ಪುಟ ಕೊಡ್ರಿ."

"ಊಟ ಆದ್ಮೇಲೆ ಇನ್ನೊಂದು ಸಲ ನೋಡ್ತೀನಿ. ಆದ್ರೆ ಅವಳು ಒಪ್ಪಬೇಕು. ಬಲವಂತ ಮಾಡಿ ಕೂರಿಸಿದ್ರೆ ಏನೂ ಗೊತ್ತಾಗಲ್ಲ."

ಹೊರಗೆ ತಾಯಿ ಗಂಟು ಬಿಚ್ಚಿ ರೊಟ್ಟಿ ಹರವಿದ್ದಳು. ಮಾಸ್ತರರು ಪಕ್ಕದಲ್ಲಿ ಕುಳಿತು ತಿನ್ನುತ್ತಿದ್ದರು. ತಾಯಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಹಗುರ ಕಾಣುತ್ತಿತ್ತು.

"ಬರ್ರಿ ಅಕ್ಕೋರ, ಉಣ್ಣಬರ್ರಿ. ಏನೂ ಆಗಿಲ್ಲಂತಲ್ಲರಿ ನಮ್ಮ ಹುಡುಗಿಗೆ. ಆ ಬಾಯಾರ ಹೇಳಿದ್ರು. ನಾ ಮೊದಲ ಅಂದಿದ್ದಿಲ್ಲ?"

"ಇನ್ನೊಂದ್ ಸಲ ಕರ್ದಾರವಾ. ಊಟಾದ ಮ್ಯಾಲ."

"ಮತ್ಯಾಕ್ರಿ? ಚಲೋ ಅದಾಳ ಅಂದ ಮ್ಯಾಲ ಮತ್ಯಾಕ ಎಳದಾಡ್ತೀರಿ?"

ಹುಡುಗಿ ನನ್ನತ್ತ ನೋಡದೆ ರೊಟ್ಟಿ ಮುರಿಯುತ್ತಿದ್ದಳು. ಅವಳ ಪಕ್ಕದಲ್ಲಿ ಕೂತೆ. ನೀನೀಗ ಓದಿದ್ದು ಮಾಸ್ತರರು ಹೇಳಿಕೊಟ್ಟದ್ದು, ಹೊಸದನ್ನು ಓದಬೇಕು, ತಡವರಿಸಿದರೆ ತಡವರಿಸು, ನಿನಗೆ ಎಷ್ಟು ಬರುತ್ತದೋ ಅಷ್ಟೇ ಸಾಕು ಎಂದೆ.

ಅವಳು ತಟ್ಟನೆ ತಿರುಗಿದಳು. "ಓದ್ಲಿಲ್ಲಂದ್ರ ಎಲ್ಲಾರೂ ಬೈತಾರ. ಓದಿದ್ರ ನೀವು ಬೈತೀರಿ. ನಾ ಏನ್ ಮಾಡ್ಲಿ ಹೇಳ್ರಿ ಮೇಡಂ?"

ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಕೆಳಗಿಟ್ಟು ಅವಳೇ ಮುಂದುವರಿಸಿದಳು.

"ಆ ಬಾಯಾರು ಕಣ್ಣ ಅರಳಿಸಿ ನೋಡಿದ್ರು ನನ್ನ. ಯಾರೂ ಹಂಗ ನೋಡಿದ್ದಿಲ್ಲ, ಓದುವಾಗ. ಈಗ ಹೋಗಿ ಸುಳ್ಳರಿ ಅದು, ನನಗ ಬರಂಗಿಲ್ರಿ ಅನ್ಲಿ? ನೀವ ಹೋಗಿ ಅನ್ರಿ."

"ನಾ ಅಂದೆವಾ. ನಂಬಲಿಲ್ಲ."

"ನಂಬದಿದ್ರ ಬಿಡ್ಲಿ."

ತರಬೇತಿಗಳಲ್ಲಿ ಹೊಸ ಶಿಕ್ಷಕರಿಗೆ ಈ ಪ್ರಸಂಗವನ್ನು ಹೇಳುವಾಗ ನಾನು ಇಲ್ಲಿ ಒಂದು ಮಾತು ಸೇರಿಸುತ್ತಿದ್ದೆ. ಅವಳ ಹೆಗಲ ಮೇಲೆ ಕೈಯಿಟ್ಟು ಧೈರ್ಯದ ಬಗ್ಗೆ ಏನೋ ಹೇಳಿದೆನಂತೆ, ಅವಳು ಕಣ್ಣೊರೆಸಿಕೊಂಡು ಎದ್ದಳಂತೆ. ಕೇಳುವವರು ಅಲ್ಲಿ ತಲೆದೂಗುತ್ತಾರೆ. ಅದು ಸುಳ್ಳು. ನಾನು ಏನನ್ನೂ ಹೇಳಲಿಲ್ಲ. ಅವಳು ಅಳಲೂ ಇಲ್ಲ. ರೊಟ್ಟಿ ತಿಂದಳು. ಎರಡನೆಯದಕ್ಕೆ ಕೈಹಾಕಿದಳು. ಆಮೇಲೆ, ಬಾಯಿ ತುಂಬಿಕೊಂಡೇ, ಎದುರಿಗಿದ್ದ ಮಾಸ್ತರರನ್ನು ಕೇಳಿದಳು:

"ಸರ್, ಪರೀಕ್ಷಾದಾಗಿಂದೂ ಮೊದ್ಲ ಫೋಟೊ ಬರ್ತೈತೇನ್ರಿ?"

ಮಾಸ್ತರರು ನಕ್ಕರು. "ಅದ್ಹ್ಯಾಂಗ ಬರ್ತೈತಿ ಹುಚ್ಚಿ? ಪಬ್ಲಿಕ್ ಪರೀಕ್ಷಾ ಅದು."

"ಬರೂದಿಲ್ಲ?"

"ಬರೂದಿಲ್ಲ."

"ಅವಾಗ ನೀವು ಹೇಳಿಕೊಡಾಕ ಆಗೂದಿಲ್ಲ?"

ಅವರ ನಗು ನಿಧಾನವಾಗಿ ಇಳಿಯಿತು. ಕೈಯಲ್ಲಿದ್ದ ತುತ್ತನ್ನು ನೋಡಿಕೊಂಡರು. "ಆಗೂದಿಲ್ಲವಾ," ಎಂದರು.

ಅವಳು ಕೈ ತೊಳೆದು ಬಂದು ಚೀಲದಿಂದ ಲಗ್ನಪತ್ರಿಕೆಯ ತುಂಡು ತೆಗೆದುಕೊಂಡಳು. "ನಡೀರಿ," ಎಂದಳು ನನಗೆ, ನಾನೇ ತಡ ಮಾಡುತ್ತಿದ್ದವಳಂತೆ.

ತಾಯಿ ಮಗಳ ಸೆರಗಿಲ್ಲದ ಸಮವಸ್ತ್ರದ ತುದಿಯನ್ನು ಹಿಡಿದಳು. "ಯಾಕ ಬೇ, ಚಲೋ ಅಂದಾರಲ್ಲ?"

"ಚಲೋ ಅಂದಾರ ಯವ್ವಾ. ಪಾಸ್ ಮಾಡ್ತೇವಿ ಅಂದಿಲ್ಲ."

ತಾಯಿ ಕೈ ಬಿಟ್ಟಳು.

ಮೇಜಿನ ಮುಂದೆ ಅವಳು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದಳು. "ಮೇಡಂ, ಆಗಳೆ ಓದಿದ್ದು ನನಗ ಬಾಯಿಪಾಠ ಇತ್ರಿ. ನಮ್ಮ ಸರ್ ಕಲ್ಸಿದ್ರು. ಹೊಸಾದು ಕೊಡ್ರಿ."

ಮನಃಶಾಸ್ತ್ರಜ್ಞೆ ತಮ್ಮ ಫೈಲನ್ನು ಮುಚ್ಚಿ, ಪಕ್ಕದ ಕೋಣೆಯಿಂದ ಬಾಣಂತಿಯರಿಗೆ ಹಂಚುವ ಕರಪತ್ರವೊಂದನ್ನು ತಂದರು. ಅದು ಯಾವ ಗುಂಪಿನಲ್ಲೂ ಬಂದಿರಲು ಸಾಧ್ಯವಿರಲಿಲ್ಲ.

ಹುಡುಗಿ ಕಿಂಡಿಯ ಕಾರ್ಡನ್ನು ಮೊದಲ ಸಾಲಿನ ಮೇಲಿಟ್ಟಳು. "ಹು... ಹುಟ್ಟಿ... ಹುಟ್ಟಿದ." ನಿಂತಳು. ಕಾರ್ಡು ಸರಿಸಿದಳು. "ಮ... ಮಗು... ಮಗುವಿ..." ಹಿಂದಕ್ಕೆ ಹೋದಳು. ಮತ್ತೆ ಹುಟ್ಟಿದ. ಮೇಲ್ದುಟಿಯ ಮೇಲೆ ಬೆವರು ಬಂತು. ವಚನ ಹೇಳುವಾಗ ವೇದಿಕೆಯನ್ನು ತುಂಬುವ ದನಿ ಈಗ ಮೇಜನ್ನೂ ದಾಟುತ್ತಿರಲಿಲ್ಲ. ಒಂದು ಶಬ್ದದಿಂದ ಇನ್ನೊಂದಕ್ಕೆ ಅವಳು ಹೋಗುವುದನ್ನು ನೋಡುವುದು ಕಷ್ಟ. ಎದುರಿಗೆ ಕುಳಿತವರಿಗೆ ಬಾಯಿ ತುರಿಸುತ್ತದೆ. ಹೇಳಿಬಿಡೋಣ, ಮುಗಿಸಿಬಿಡೋಣ ಅನಿಸುತ್ತದೆ. ಅದನ್ನು ತಡೆದುಕೊಳ್ಳುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಅವಳು ಮುಂದಿನ ಶಬ್ದದ ಮೇಲೆ ಸಿಕ್ಕಿಕೊಂಡಳು. "ಎ... ಎದ... ಎದ..."

"ಎದೆಹಾಲು!"

ಎಲ್ಲರೂ ತಿರುಗಿದೆವು. ಬಾಗಿಲಲ್ಲಿ ಕನ್ನಡ ಮಾಸ್ತರರು. ಅವರಿಗೂ ತಾವು ಹೇಳಿದ್ದು ಆಗಷ್ಟೇ ಕೇಳಿಸಿದಂತಿತ್ತು. ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ ಬಾಣಂತಿಯರು ಅವರನ್ನು ನೋಡುತ್ತಿದ್ದರು. ಅವರ ಕಿವಿ ಕೆಂಪಗಾಯಿತು.

"ಬಾಯಿಗೆ ತಾನ ಬಂತ್ರಿ," ಎಂದರು ಮೆಲ್ಲಗೆ.

"ಸರ್," ಎಂದರು ಮನಃಶಾಸ್ತ್ರಜ್ಞೆ, "ನೀವು ದಯವಿಟ್ಟು ಗೇಟಿನ ಆಚೆ ಹೋಗಿ ನಿಂತ್ಕೊಳ್ಳಿ."

"ಹೌದ್ರಿ."

"ಪಡಸಾಲೆ ಅಲ್ಲ. ಗೇಟು."

"ಹೌದ್ರಿ, ಹೌದ್ರಿ."

ಹುಡುಗಿ ನಗಲಿಲ್ಲ. ಕಾರ್ಡಿನ ಮೇಲೆ ಬೆರಳು ಹಾಗೇ ಇತ್ತು. ಮಾಸ್ತರರು ಹೇಳಿಕೊಟ್ಟ ಶಬ್ದವನ್ನು ಅವಳು ತೆಗೆದುಕೊಳ್ಳಲಿಲ್ಲ. ಮತ್ತೆ "ಎ" ಇಂದ ಶುರುಮಾಡಿದಳು. ಮನಃಶಾಸ್ತ್ರಜ್ಞೆ ಫೈಲು ತೆರೆದು ಬರೆಯಲು ತೊಡಗಿದರು. ಆ ಮಧ್ಯಾಹ್ನವಿಡೀ ಬರೆದರು. ಓದಿಸಿದರು, ಬರೆಸಿದರು, ಕತೆ ಹೇಳಿ ಪ್ರಶ್ನೆ ಕೇಳಿದರು, ಚಿತ್ರ ಜೋಡಿಸಲು ಕೊಟ್ಟರು. ಕೊನೆಗೆ ನನಗೆ, "ಇವಳನ್ನ ಕಳೆದ ವರ್ಷಾನೇ ಕರ್ಕೊಂಡ್ ಬರಬಾರದಿತ್ತಾ?" ಎಂದು ಕೇಳಿದರು. ಬೆಳಿಗ್ಗೆ ಯಾಕೆ ಕರೆತಂದಿರಿ ಎಂದು ಕೇಳಿದವರು ಅವರೇ.

ಪ್ರಮಾಣಪತ್ರವಾಯಿತು. ಅರ್ಜಿ ಹೋಯಿತು. ಒಂದು ಸಹಿ ಇಲ್ಲವೆಂದು ವಾಪಸು ಬಂತು, ಮತ್ತೆ ಹೋಯಿತು. ಮುಖ್ಯೋಪಾಧ್ಯಾಯರು ಪ್ರಮಾಣಪತ್ರವನ್ನು ಕಪಾಟಿನಲ್ಲಿ ಕಪ್ಪುಗಳ ಹಿಂದೆ ಇಟ್ಟು ಬೀಗ ಹಾಕಿದರು. ತಾಯಿ ಒಮ್ಮೆ ಬಂದು ಬೀಗವನ್ನು ಜಗ್ಗಿ ನೋಡಿ ಹೋದಳು.

ಅನುಮತಿ ಬಂದಾಗ ಪರೀಕ್ಷೆಗೆ ಬಹಳ ದಿನ ಉಳಿದಿರಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಬರಹಗಾರ್ತಿಯೆಂದು ಆರಿಸಿ, ಆಟದ ಸಾಮಾನಿನ ಕೋಣೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಇನ್ನು ಎಲ್ಲ ಸುಗಮ ಎಂದುಕೊಂಡೆ. ಎಲ್ಲಿಯ ಸುಗಮ? ನಮ್ಮ ಹುಡುಗಿ ಉತ್ತರವನ್ನು ಹೇಳುವುದಿಲ್ಲ, ಹಾಡುತ್ತಾಳೆ. ಸಮಾಜ ವಿಜ್ಞಾನವೂ ಒಂದು ಧಾಟಿ, ದ್ಯುತಿಸಂಶ್ಲೇಷಣೆಯೂ ಒಂದು ಧಾಟಿ. ಪಾಠಗಳನ್ನು ಅವಳು ಒಳಗಿಟ್ಟುಕೊಂಡದ್ದೇ ಹಾಗೆ.

"ಅಕ್ಕಾ, ಹಾಡಬ್ಯಾಡ," ಎಂದು ಬರೆಯುವವಳು ಪೆನ್ನು ಕುಕ್ಕಿದಳು. "ಎಲ್ಲಿ ಮುಗೀತು ಗೊತ್ತಾಗವಲ್ದು."

"ಹಾಡದಿದ್ರ ಮುಂದಿಂದು ಬರಂಗಿಲ್ಲ ಬೇ."

"ನಾ ಹ್ಯಾಂಗ ಬರೀಲಿ ಮತ್ತ? ಕುಣಕೋತ ಬರೀಲಿ?"

"ಕುಣಿ. ಆದ್ರ ನಾ ಹೇಳಿದ್ದಷ್ಟ ಬರಿ. ನಿನ್ನೆ ನನ್ನ ಉತ್ತರದಾಗ ನಿಂದು ಸೇರ್ಸಿದ್ದಿ."

"ನಿಂದು ತಪ್ಪಿತ್ತು."

"ತಪ್ಪಿರ್ಲಿ. ನಂದು ಅದು."

ಈ ಜಗಳ ನಾನು ಹೋದಾಗಲೆಲ್ಲ ನಡೆಯಿತು. ನಾನು ಇಬ್ಬರನ್ನೂ ಗದರಿಸಿ, ಯಾರನ್ನೂ ಸುಧಾರಿಸಲಾಗದೆ, ಕೊನೆಯ ಬಸ್ಸಿಗೆ ಓಡುತ್ತಿದ್ದೆ. ಕೊನೆಗೊಂದು ಮಂಗಳವಾರ ಹೋಗಿ ನೋಡಿದರೆ ಅವರೇ ಒಂದು ಒಪ್ಪಂದಕ್ಕೆ ಬಂದಿದ್ದರು. ಹಾಡುವವಳು ವಾಕ್ಯ ಮುಗಿದಾಗ ಬೆಂಚಿಗೆ ಬೆರಳಿನಿಂದ ಒಂದು ಪೆಟ್ಟು ಹಾಕುತ್ತಿದ್ದಳು. ಬರೆಯುವವಳು ಅಲ್ಲಿ ಚುಕ್ಕೆ ಇಡುತ್ತಿದ್ದಳು.

ಪರೀಕ್ಷೆಯ ದಿನ ಅವರಿಗೆ ಪ್ರತ್ಯೇಕ ಕೋಣೆ. ನಮ್ಮನ್ನು ಒಳಗೆ ಬಿಡುವುದಿಲ್ಲ. ಕನ್ನಡ ಮಾಸ್ತರರೂ ನಾನೂ ಕಂಪೌಂಡಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆವು. ಅಷ್ಟು ದೂರದಿಂದ ಅವಳ ದನಿ ಕೇಳಿಸಿತೆಂದು ನನಗೆ ಅನಿಸುತ್ತದೆ. ಮಾತಲ್ಲ, ಧಾಟಿ. ಕೇಳಿಸಿರಲಾರದು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಆದರೆ ಪಕ್ಕದಲ್ಲಿ ಮಾಸ್ತರರ ತುಟಿ ಅಲುಗುತ್ತಿದ್ದುದನ್ನು ಮಾತ್ರ ಖಂಡಿತವಾಗಿ ಕಂಡೆ.

"ಸರ್."

"ಮನಸಿನಾಗ ಹೇಳಾಕತ್ತೇನಿ ಬಿಡ್ರಿ," ಎಂದರು ಅವರು.

ಪಾಸಾದಳು. ಗಣಿತದಲ್ಲಿ ಅಂಚಿನಲ್ಲಿ, ಉಳಿದದ್ದರಲ್ಲಿ ಚೆನ್ನಾಗಿ. ಈಗ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಾಳೆ. ಬೋರ್ಡು ಓದಲು ಹೊತ್ತು ಹಿಡಿಯುವುದರಿಂದ ಕಂಡಕ್ಟರನಿಗೆ ಕೂಗಿ ಕೇಳುತ್ತಾಳೆ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅವಳ ದನಿ ಗೊತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ತರಬೇತಿಗಳಿಗೆ ಅನುಕೂಲವಾಗುತ್ತಿತ್ತು. ಆದರೆ ಕಾಲೇಜಿನವರು ಮತ್ತೆ ಹೊಸದಾಗಿ ತಪಾಸಣೆಯಾಗಬೇಕು ಎಂದರಂತೆ. ಹತ್ತನೆಯ ತರಗತಿಯಲ್ಲಿದ್ದ ಡಿಸ್ಲೆಕ್ಸಿಯಾ ಪಿಯುಸಿಗೂ ಬಂದಿದೆಯೋ ಇಲ್ಲವೋ ಖಾತ್ರಿಯಾಗಬೇಕಂತೆ. ಅವಳು ಫೋನಿನಲ್ಲಿ ಈ ಸುದ್ದಿ ಹೇಳಿದಾಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಮರುದಿನ ಕನ್ನಡ ಮಾಸ್ತರರ ಫೋನು ಬಂತು.

"ಮೇಡಮ್ಮಾರ, ಈ ಸಲ ನಾ ಒಂದಕ್ಷರಾನೂ ಹೇಳಿಕೊಡಂಗಿಲ್ಲ. ಆಣಿ ಮಾಡಿ ಹೇಳ್ತೇನಿ."

"ಹೇಳಿಕೊಡಬ್ಯಾಡ್ರಿ."

"ಗೇಟಿನ ಹೊರಗ ನಿಂದರತೇನಿ ಅಂದೆ ಅಕಿಗೆ. ಅಷ್ಟೂ ಬ್ಯಾಡಂದ್ಲರಿ. ನೀವು ಬರಬ್ಯಾಡ್ರಿ ಸರ್, ನಾ ಒಬ್ಬಾಕೇ ಹೋಗ್ತೇನಿ ಅಂದ್ಲು." ಅವರ ದನಿಯಲ್ಲಿ ನೋವಿತ್ತು. "ಮೇಡಂ ಜೋಡಿ ಹೋಗ್ತೀಯೇನವಾ ಅಂದ್ರ ಏನೂ ಅನ್ನವಲ್ಲಳು. ನೀವು ಹೊಂಟೀರಿ?"

"ಇಲ್ರಿ ಸರ್," ಎಂದೆ. "ನನಗೂ ಬರಬ್ಯಾಡ ಅಂದಾಳ."